ಚಂದ್ರಮತಿ ಆಯಿ ಮಾಡಿದ ಬರ್ತ್‌ಡೇ

ಶಾಲೆಯ ವಿಜ್ಞಾನ ಪ್ರದರ್ಶನ ಮುಗಿಸಿ ಬಂದ ತೃಪ್ತಿ ಚೀಲವನ್ನು ಕಟ್ಟೆಯ ಮೇಲೆ ಒಗೆದು, ಉಟ್ಟ ರೇಷ್ಮೆ ಪರಕಾರದಲ್ಲೇ ಅಜ್ಜಿಯ ಪಕ್ಕ ಬಂದು ಕುಳಿತಳು. ಚಂದ್ರಮತಿ ಶೇಂಗಾ ಸುಲಿಯುತ್ತಿದ್ದರು. ಮೊಮ್ಮಗಳ ಮುಖ ನೋಡಿ ಕೈ ನಿಲ್ಲಿಸಿದರು.

"ಏನಾತು? ನಿನ್ನ ಕ್ರೇನ್ ಎಲ್ಲಾರೂ ನೋಡಿದ್ರಿಲ್ಲೊ?"

"ನೋಡಿದ್ರು. ನಾ ಅಲ್ಲಿ ಇರಲಿಲ್ಲ."

"ಮತ್ತ ಎಲ್ಲಿದ್ದಿ?"

"ಬಾಗಲದಾಗ. ಬಂದವರಿಗೆ ಆರತಿ ಎತ್ತಾಕ ನಿಲ್ಲಿಸಿದ್ರು. ಮಾಡೆಲ್ ಗಂಡ ಹುಡುಗರು ತೋರಸ್ಲಿ, ಹುಡುಗ್ಯಾರು ಸ್ವಾಗತಕ್ಕ ಇರ್ಲಿ ಅಂದ್ರು. ನನ್ನ ಕ್ರೇನ್ ವೃಷಭ ತೋರಿಸಿದಾ. ಅದರಾಗ ನೀರು ಯಾಕ ತುಂಬ್ಯಾರಂತ ಕೇಳಿದ್ರ ಅವನಿಗೆ ಹೇಳಾಕ ಬರಲಿಲ್ಲ."

ಆ ಕ್ರೇನನ್ನು ಅಜ್ಜಿ ಮೊಮ್ಮಗಳು ಕೂಡಿ ಹದಿನೈದು ದಿನ ಕುಳಿತು ಮಾಡಿದ್ದರು. ನಾಲ್ಕು ಸಿರಿಂಜು, ಸಲೈನಿನ ನಳಿಕೆ, ರಟ್ಟು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ತೋಳು ಮೇಲೇಳಬೇಕು. ಮೊದಲ ಸಲ ಅದು ಎದ್ದಾಗ ತೃಪ್ತಿ ಇಡೀ ಗಲ್ಲಿಗೆ ಕೇಳುವಂತೆ ಕೂಗಿದ್ದಳು.

ಚಂದ್ರಮತಿ ಶೇಂಗಾ ಸಿಪ್ಪೆಯನ್ನು ಮಡಿಲಿನಿಂದ ಕೊಡವಿ ಎದ್ದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಕೇಳಿದರು.

"ಬರೂ ರವಿವಾರ ನಿನ್ನ ಬರ್ತ್‌ಡೇ ಐತಿ. ಹತ್ತು ತುಂಬ್ತಾವ. ಏನ ಬೇಕ ನಿನಗ?"

ತೃಪ್ತಿ ಯೋಚಿಸಲು ಸಮಯವೇ ತೆಗೆದುಕೊಳ್ಳಲಿಲ್ಲ. "ವಿಜ್ಞಾನದ ಬರ್ತ್‌ಡೇ ಬೇಕು. ಎಲ್ಲಾರನೂ ಕರಿಯೂಣು. ಎಲ್ಲಾ ಪ್ರಯೋಗ ನಾನ ತೋರಸ್ತೀನಿ."

"ಆತು," ಅಂದರು ಚಂದ್ರಮತಿ.

*

ಈ "ಆತು" ಎಂಬುದು ಚಂದ್ರಮತಿಯ ಬಾಯಿಂದ ಬಂದರೆ ಅದು ಆದಂತೆಯೇ ಎಂದು ಅಂಕಲಿ ಊರಿನ ಆ ಗಲ್ಲಿಯವರಿಗೆ ಗೊತ್ತಿತ್ತು.

ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಗಂಡ ಜಿನ್ನಪ್ಪ ತೀರಿಕೊಂಡಾಗ ಮಡಿಲಲ್ಲಿ ಮೂರು ವರ್ಷದ ಮಗ ವಿಶ್ವಾಸನಿದ್ದ. ಜಿನ್ನಪ್ಪ ಊರಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಒಂದು ಹೈಸ್ಕೂಲಿನಲ್ಲಿ ಪ್ರಯೋಗಾಲಯದ ಅಟೆಂಡರ್ ಆಗಿದ್ದ. ಅವನ ನೌಕರಿಯನ್ನು ಹೆಂಡತಿಗೆ ಕೊಡಲು ಆಡಳಿತದವರು ಒಪ್ಪಿದರು. ಒಪ್ಪದವರು ಗಂಡನ ಅಣ್ಣ ತಾತ್ಯಾಸಾಹೇಬ. ಮನೆಗೆ ಕಬ್ಬಿನ ಹೊಲವಿದೆ, ಬೆಲ್ಲದ ವ್ಯಾಪಾರವಿದೆ, ನಮ್ಮ ಮನೆಯ ಹೆಣ್ಣುಮಗಳು ಪರಊರಿಗೆ ಹೋಗಿ ಬಾಟಲಿ ತೊಳೆಯುವುದೇನು ಎಂದು ಅವರು ಪಡಸಾಲೆಯಲ್ಲಿ ನಾಲ್ಕು ಹಿರಿಯರನ್ನು ಕೂಡಿಸಿ ಹೇಳಿದರು. ಚಂದ್ರಮತಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಕೈ ಮಾಡಿದರು.

ಅಲ್ಲಿಂದ ಮೂವತ್ತೊಂದು ವರ್ಷ. ಟೆಸ್ಟ್ ಟ್ಯೂಬು ತೊಳೆಯುವುದು, ಒರೆಸುವುದು, ಸ್ಟ್ಯಾಂಡಿಗೆ ತಲೆಕೆಳಗಾಗಿ ಸಿಕ್ಕಿಸುವುದು. ಓದಿದ್ದು ಒಂಬತ್ತನೇ ಇಯತ್ತೆ. ಆದರೆ ವಿಜ್ಞಾನದ ಮಾಸ್ತರು ಪ್ರತಿ ವರ್ಷ ಅದೇ ಪ್ರಯೋಗಗಳನ್ನು ಮಾಡುತ್ತಿದ್ದರು, ಅದೇ ತಪ್ಪುಗಳನ್ನೂ ಮಾಡುತ್ತಿದ್ದರು. ಎರಡು ಮೂರು ವರ್ಷಗಳಲ್ಲಿ ಚಂದ್ರಮತಿಗೆ ಎರಡೂ ಬಾಯಿಪಾಠವಾದವು. ಬಿಡುವಿದ್ದಾಗ ಪುಸ್ತಕ ತೆಗೆದು ಓದುತ್ತಿದ್ದರು. ತಿಳಿಯದ ಕಡೆ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದಿಟ್ಟು, ತಿಳಿದ ದಿನ ಅಳಿಸುತ್ತಿದ್ದರು.

ಒಂದು ವರ್ಷ ಪರೀಕ್ಷೆ ಹತ್ತಿರ ಬಂದಾಗ ಮಾಸ್ತರು ವಾರಗಟ್ಟಲೆ ರಜೆ ಹಾಕಿದರು. ಹತ್ತನೆಯ ತರಗತಿಯ ಹುಡುಗಿಯರು ಬಂದು, "ಬಾಯಾರ, ಹೈಡ್ರೋಜನ್ ಒಮ್ಮೆ ನೋಡಬೇಕಿತ್ರಿ," ಅಂದರು. ಚಂದ್ರಮತಿ ಸತುವಿನ ಚೂರಿಗೆ ಆಸಿಡ್ ಹಾಕಿ, ಗಾಳಿ ಹಿಡಿದು, ಕಡ್ಡಿ ಗೀರಿ ತೋರಿಸಿದರು. ಪಟ್ ಅಂದ ಸದ್ದಿಗೆ ಹುಡುಗಿಯರು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಸದ್ದಿಗೆ ಹೆಡ್ಮಾಸ್ತರು ಬಾಪುಸಾಹೇಬರು ಬಂದರು. ಮರುದಿನ ಮೆಮೋ ಬಂತು. ನೇಮಿಸಿದ ಕೆಲಸ ಮೀರಿ ನಡೆದಿದ್ದೀರಿ, ಲಿಖಿತ ವಿವರಣೆ ಕೊಡಿ. ತಪ್ಪಾಯಿತು ಎಂದು ಬರೆದು ಕೊಟ್ಟರೆ ಮುಗಿಯುತ್ತದೆ ಎಂದು ಗುಮಾಸ್ತ ಕಿವಿಯಲ್ಲಿ ಹೇಳಿದ. ಚಂದ್ರಮತಿ ಬರೆದದ್ದು ಒಂದೇ ಸಾಲು: "ಪ್ರಯೋಗ ಸರಿಯಾಗಿ ಬಂದಿದೆ."

ಆ ಒಂದು ಸಾಲಿಗಾಗಿ ಅವರನ್ನು ಒಂದು ವರ್ಷ ಪ್ರಯೋಗಾಲಯದಿಂದ ತೆಗೆದು, ಗೇಟಿನ ಹತ್ತಿರ ಸ್ಟೂಲು ಹಾಕಿ, ಗಂಟೆ ಹೊಡೆಯಲು ಕೂರಿಸಿದರು. ಅವರು ಕುಳಿತರು. ಬರೆದದ್ದನ್ನು ಬದಲಿಸಲಿಲ್ಲ.

ನಿವೃತ್ತಿಯ ದಿನ ಶಾಲು, ತೆಂಗಿನಕಾಯಿ ಕೊಟ್ಟು ಏನಾದರೂ ಮಾತಾಡಿ ಎಂದಾಗ, ಸ್ಟೋರ್ ಕೋಣೆಯಲ್ಲಿ ಕನ್ನಡಿ ಒಡೆದು ಬಿದ್ದಿರುವ ಹಳೆಯ ಮೈಕ್ರೋಸ್ಕೋಪು ತಮಗೆ ಕೊಡಬಹುದೇ ಎಂದು ಕೇಳಿದರು. ಶಾಲೆಯ ಆಸ್ತಿ, ಕೊಡಲು ಬರುವುದಿಲ್ಲ ಎಂದರು. ಆರು ತಿಂಗಳಾದ ಮೇಲೆ ಅದೇ ಮೈಕ್ರೋಸ್ಕೋಪು ಚಿಕ್ಕೋಡಿ ರಸ್ತೆಯ ಗುಜರಿ ಅಂಗಡಿಯಲ್ಲಿ ಮುರಿದ ಬೆಂಚುಗಳ ನಡುವೆ ಕಂಡಿತು. ಚಂದ್ರಮತಿ ಬಸ್ಸಿನ ಕಂಡಕ್ಟರನಿಂದ ಸೀಟಿ ಹೊಡೆಸಿ ಅಲ್ಲೇ ಇಳಿದರು. ಬಿಗಿದುಹೋದ ತಿರುಪನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸಿದರು, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರು, ಸೊಸೆಯ ಪೌಡರ್ ಡಬ್ಬಿಯ ದುಂಡು ಕನ್ನಡಿಯನ್ನು ಕೂರಿಸಿದರು. ಈಗ ಅದು ಅವರ ಟ್ರಂಕಿನಲ್ಲಿ ಮೆತ್ತನೆಯ ಧೋತರದ ತುಂಡಿನಲ್ಲಿ ಸುತ್ತಿಕೊಂಡು ಮಲಗಿತ್ತು.

*

ತಾತ್ಯಾಸಾಹೇಬರ ಮನೆ ಮತ್ತು ಚಂದ್ರಮತಿಯ ಮನೆ ಒಂದೇ ಮಾಳಿಗೆಯ ಎರಡು ಭಾಗ. ಒಲೆ ಬೇರೆ, ಪಡಸಾಲೆ ಒಂದೇ, ಮಾಳಿಗೆಯ ಮೇಲಿನ ನೀರಿನ ಟಾಕಿಯೂ ಒಂದೇ. ಪಡಸಾಲೆ, ಟಾಕಿ ಎರಡೂ ತಾತ್ಯಾಸಾಹೇಬರ ಕೈಯಲ್ಲಿದ್ದವು. ಎಪ್ಪತ್ನಾಲ್ಕು ವರ್ಷದ ಅವರು ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ, ಸೋಸದ ನೀರು ಕುಡಿಯುವವರಲ್ಲ. ತಮ್ಮ ಅಡುಗೆಮನೆಯ ನಲ್ಲಿಗೆ ಸೋಸುವ ಬಟ್ಟೆಯನ್ನು ಅವರೇ ಕಟ್ಟುತ್ತಿದ್ದರು. ಬಸದಿಯಲ್ಲಿ ಕುಳಿತರೆ ಎಳೆಯರಿಗೆ ಅದರ ಮಹತ್ವ ಹೇಳುತ್ತಿದ್ದರು.

ಬರ್ತ್‌ಡೇ ಸುದ್ದಿ ಮುಟ್ಟಿದ ಸಂಜೆ ಅವರು ತಮ್ಮನ ಹೆಂಡತಿಯನ್ನು ಕರೆಸಿದರು.

"ಏನೋ ವಿಜ್ಞಾನದ ಬರ್ತ್‌ಡೇ ಅಂತಲ್ಲ, ಏನದು?"

"ಹುಡುಗೂರು ಕೂಡಿ ನಾಲ್ಕು ಪ್ರಯೋಗ ನೋಡ್ತಾವರಿ, ಭಾವಾರ. ಆಮ್ಯಾಲ ಉಂಡ ಹೋಗ್ತಾವ."

"ಆಸಿಡ್ಡು, ಬೆಂಕಿ ಅಂತ ಮನಿ ಸುಡಾಕ ಬ್ಯಾಡ. ಮಾಡೂದ ಇದ್ರ ನಮ್ಮ ಮೊಮ್ಮಗ ವೃಷಭನ ಬರ್ತ್‌ಡೇ ಮಾಡಿದಂಗ ಚಿಕ್ಕೋಡ್ಯಾಗ ಹಾಲ್ ಹಿಡೀತೀನಿ. ಫುಗ್ಗಾ, ಕೇಕ್, ಜಾದೂದಾಂವ, ಎಲ್ಲಾ ಕರಸ್ತೀನಿ."

"ಜಾದೂದಾಂವ ಬ್ಯಾಡ್ರಿ. ಅಂವ ಹ್ಯಾಂಗ ಮಾಡಿದ್ನಿ ಅಂತ ಹೇಳೂದಿಲ್ಲ. ನಮ್ಮ ತೃಪ್ತಿ ಹೇಳ್ತಾಳ."

ತಾತ್ಯಾಸಾಹೇಬರು ನಕ್ಕರು. "ಅಕಿಗೆ ಕಲಿಸಿದಾಕಿ ನೀನ ಹೌದಲ್ಲೊ? ನಿನಗೇನ ತಿಳೀತೈತಿ ವಿಜ್ಞಾನ? ನೀ ಅಲ್ಲಿ ಬಾಟ್ಲಿ ತೊಳೀತಿದ್ದಿ."

"ಹೌದ್ರಿ, ತೊಳೀತಿದ್ನಿ. ತೊಳಿಯೂ ಮುಂದ ಕಣ್ಣ ಮುಚ್ಚಿರಲಿಲ್ಲ."

ನಗು ನಿಂತಿತು. "ಪಡಸಾಲಿ ಕೊಡೂದಿಲ್ಲ ನಾ."

"ಬ್ಯಾಡ್ರಿ. ಮೈಕ್ರೋಸ್ಕೋಪಕ್ಕ ಬಿಸಲ ಬೇಕು. ಹಿತ್ತಲದಾಗ ಛಲೋ ಆಕ್ಕೈತಿ."

ಮಗ ವಿಶ್ವಾಸ ಗೊಬ್ಬರದ ಅಂಗಡಿಯಿಂದ ಬಂದವನು ವಿಷಯ ಕೇಳಿ ತಲೆ ಹಿಡಿದುಕೊಂಡ. "ಯಾಕವ್ವಾ ತಾತ್ಯಾನ ಎದುರ ಹಾಕ್ಕೊಳ್ತಿ? ಹಾಲ್ ಹಿಡೀತೀನಿ ಅನ್ನಾಕತ್ತಾರ, ಹೂಂ ಅಂದ್ರ ಮುಗೀತಿತ್ತು."

"ಹೂಂ ಅಂದಿದ್ರ ನೀ ಸಾಲಿ ಕಲೀತಿದ್ದಿಲ್ಲ," ಅಂದರು ಚಂದ್ರಮತಿ. ಸೊಸೆ ಸರಿತಾ ಡಬ್ಬಿ ಇಳಿಸಿ, ಕೇಕಿಗೆ ರವೆ ಎಷ್ಟಿದೆ ಎಂದು ನೋಡತೊಡಗಿದಳು.

ತೃಪ್ತಿ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಕರೆಯೋಲೆ ಬರೆದಳು. ಕೊನೆಯ ಸಾಲು ಹೀಗಿತ್ತು: "ಗಿಫ್ಟ್ ತರಬಾರದು. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ತರಬೇಕು."

*

ರವಿವಾರ ಮಧ್ಯಾಹ್ನ ಎರಡೂವರೆಗೆ ಹಿತ್ತಲಿನ ಪೇರಲ ಗಿಡದ ಕೆಳಗೆ ಹದಿನಾಲ್ಕು ಮಕ್ಕಳು ಕೂಡಿದರು. ಬಿಟ್ಟು ಹೋಗಲು ಬಂದ ತಾಯಂದಿರು ಹೋಗದೆ ಗೋಡೆಯ ನೆರಳಿಗೆ ನಿಂತರು. ತಾತ್ಯಾಸಾಹೇಬರ ಮೊಮ್ಮಗ ವೃಷಭ ಬರುತ್ತಾನೋ ಇಲ್ಲವೋ ಎಂದು ತೃಪ್ತಿಗೆ ಅನುಮಾನವಿತ್ತು. ಅವನು ಪಡಸಾಲೆಯ ಬಾಗಿಲಿನಿಂದಲ್ಲ, ಹಿತ್ತಲ ಗೋಡೆ ಹಾರಿ ಬಂದ.

"ನಿನ್ನ ಕ್ರೇನದಾಗ ನೀರ ಯಾಕ ತುಂಬಿದ್ದಿ, ಅದನ್ನ ಮೊದಲ ಹೇಳು. ಎಲ್ಲಾರೂ ನನ್ನ ನಕ್ಕಾರ," ಅಂದ.

ತೃಪ್ತಿ ಹೇಳಿದಳು. ಖಾಲಿ ಸಿರಿಂಜಿನ ಬಾಯಿ ಬೆರಳಿನಿಂದ ಮುಚ್ಚಿ ಒತ್ತಲು ಕೊಟ್ಟಳು, ಒಳಗೆ ಹೋಯಿತು. ನೀರು ತುಂಬಿದ್ದನ್ನು ಒತ್ತಲು ಕೊಟ್ಟಳು, ಅದು ಕದಲಲಿಲ್ಲ. "ಗಾಳಿ ಒತ್ತಿದ್ರ ಮುದುಡತೈತಿ, ನೀರ ಮುದುಡೂದಿಲ್ಲ. ಅದಕ್ಕ." ವೃಷಭ ಎರಡನ್ನೂ ಮತ್ತೆ ಮತ್ತೆ ಒತ್ತಿ ನೋಡುತ್ತ ಅಲ್ಲೇ ಕುಳಿತುಬಿಟ್ಟ.

ದಾಸವಾಳದ ಹೂ ಕುದಿಸಿದ ನೀರನ್ನು ತೃಪ್ತಿ ಮೂರು ಗ್ಲಾಸಿಗೆ ಹಾಕಿದಳು. ಒಂದಕ್ಕೆ ನಿಂಬೆ ಹಿಂಡಿದಾಗ ಕೆಂಪಾಯಿತು, ಇನ್ನೊಂದಕ್ಕೆ ಸುಣ್ಣದ ತಿಳಿನೀರು ಬಿಟ್ಟಾಗ ಹಸಿರಾಯಿತು. ಆಮೇಲೆ ಬಾಟಲಿಯಲ್ಲಿ ನಿಂಬೆರಸ, ರಬ್ಬರಿನ ಫುಗ್ಗಾದಲ್ಲಿ ಅಡುಗೆ ಸೋಡಾ ಹಾಕಿ, ಫುಗ್ಗಾವನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಎತ್ತಿದಳು. ನೊರೆ ಉಕ್ಕಿತು. ಫುಗ್ಗಾ ಉಬ್ಬಲಿಲ್ಲ. ಮಕ್ಕಳು ನಗತೊಡಗಿದರು. ಮುಖ ಕೆಂಪಾಗಿ ತೃಪ್ತಿ ಅಜ್ಜಿಯ ಕಡೆ ನೋಡಿದಳು. ಚಂದ್ರಮತಿ ಕುರ್ಚಿಯಿಂದ ಏಳಲಿಲ್ಲ.

"ನನ್ನ ಯಾಕ ನೋಡ್ತಿ? ಬಾಟ್ಲಿ ನೋಡು. ಉಬ್ಬಲಿಲ್ಲ ಅಂದ್ರ ಗಾಳಿ ಎಲ್ಲೋ ಹೊಂಟೈತಿ. ಎಲ್ಲಿ ಹೊಂಟೈತಿ?"

ಹದಿನಾಲ್ಕು ಮಕ್ಕಳೂ ಬಾಟಲಿಗೆ ಕಿವಿ ಹಚ್ಚಿದರು. ಫುಗ್ಗಾದ ಕುತ್ತಿಗೆಯಲ್ಲಿ ಸೂಜಿಮೊನೆಯಷ್ಟು ತೂತು. ಇನ್ನೊಂದು ಫುಗ್ಗಾ ತಂದು ಹಾಕಿದಾಗ ಅದು ಕುಂಬಳಕಾಯಿಯಂತೆ ಉಬ್ಬಿತು. ಆಗ ಎದ್ದಂಥ ಕೂಗು, ಪ್ರಯೋಗ ಮೊದಲ ಸಲವೇ ಸರಿಯಾಗಿ ಬಂದಿದ್ದರೆ, ಏಳುತ್ತಿರಲಿಲ್ಲ.

ಕೇಕಿನ ಸುತ್ತ ಹತ್ತು ಸಣ್ಣ ದೀಪಗಳಿದ್ದವು. ಹುಟ್ಟಿದ ದಿನ ದೀಪ ಊದಿ ಆರಿಸಬಾರದು ಎಂದು ತಾಯಂದಿರಲ್ಲೊಬ್ಬರು ಆಗಲೇ ಗೊಣಗಿದ್ದರು. ಊದಲಿಲ್ಲ. ಒಂಬತ್ತು ದೀಪಗಳ ಮೇಲೆ ಒಂದಕ್ಕಿಂತ ಒಂದು ದೊಡ್ಡದಾದ ಗಾಜಿನ ಗ್ಲಾಸು, ಬಾಟಲಿ, ಭರಣಿ ಮುಚ್ಚಿದರು. ಸಣ್ಣ ಗ್ಲಾಸಿನದು ಮೊದಲು ಆರಿತು, ಉಪ್ಪಿನಕಾಯಿ ಭರಣಿಯದು ಕೊನೆಗೆ. "ಗಾಳಿ ಎಷ್ಟ ಸಿಗತೈತೋ ಅಷ್ಟ ಹೊತ್ತ ಉರೀತೈತಿ," ಎಂದು ತೃಪ್ತಿ ಹೇಳಿದಳು. ಹತ್ತನೆಯ ದೀಪವನ್ನು ಮುಚ್ಚಲಿಲ್ಲ. ಅದು ಸಂಜೆಯವರೆಗೂ ಉರಿಯಿತು.

ಸೂರ್ಯ ಇಳಿಯುವ ಮೊದಲೇ ಉಣ್ಣಬೇಕಾದ್ದರಿಂದ ಸರಿತಾ ನಾಲ್ಕಕ್ಕೆಲ್ಲ ಶಿರಾ, ಖಾರದ ಚುರಮುರಿ, ಕೇಕಿನ ತುಂಡು ಹಂಚಿದಳು. ತಿನ್ನುತ್ತ ಪ್ರಶ್ನೆಗಳನ್ನು ಓದಿದರು. ಹೊಲದ ಕಡೆಯ ಲಖನನ ಪ್ರಶ್ನೆ: ಕಬ್ಬಿನೊಳಗೆ ಸಕ್ಕರೆ ಯಾರು ಹಾಕುತ್ತಾರೆ? ಹಿಂದಿನ ಗಲ್ಲಿಯ ಏಳು ವರ್ಷದ ಕೋಮಲಳ ಪ್ರಶ್ನೆ: ನೊಣ ಗೋಡೆಯಿಂದ ಯಾಕೆ ಬೀಳುವುದಿಲ್ಲ? ಗೊತ್ತಿದ್ದುದಕ್ಕೆ ಚಂದ್ರಮತಿ ಉತ್ತರ ಹೇಳಿದರು. ಎರಡಕ್ಕೆ "ನನಗ ಗೊತ್ತಿಲ್ಲ, ಹುಡಕೂಣು," ಅಂದರು. ದೊಡ್ಡವರು ಹೀಗೆ ಹೇಳುವುದನ್ನು ಮಕ್ಕಳು ಕೇಳಿರಲಿಲ್ಲ.

ಕೊನೆಯ ಚೀಟಿ ವೃಷಭನದು. "ನಾವು ನೀರು ಸೋಸಿ ಯಾಕೆ ಕುಡಿಯುತ್ತೇವೆ?"

ಅಷ್ಟು ಹೊತ್ತು ಪಡಸಾಲೆಯ ಕಿಟಕಿಯ ಹಿಂದೆ ಕುಳಿತಿದ್ದ ತಾತ್ಯಾಸಾಹೇಬರಿಗೆ ಇದು ಕೇಳಿಸಿತು. ಅವರು ಹೊರಗೆ ಬಂದರು. ಮಕ್ಕಳು ಎದ್ದು ನಿಂತರು.

"ಇದಕ್ಕ ನಾ ಹೇಳ್ತೀನಿ. ಕುಂಡ್ರಿ ಎಲ್ಲಾರೂ," ಅಂದರು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅವಕ್ಕೆ ನೋವಾಗಬಾರದೆಂದು ಹಿರಿಯರು ಸೋಸಲು ಕಲಿಸಿದರು, ಇಂಥ ಯಂತ್ರ ಹುಟ್ಟುವ ಎಷ್ಟೋ ಮೊದಲೇ ಅವರಿಗೆ ಇದು ತಿಳಿದಿತ್ತು ಎಂದು ವಿವರಿಸಿದರು. ಅವರ ದನಿ ತುಂಬಿತ್ತು, ಮಾತು ಚೆನ್ನಾಗಿತ್ತು. ಚಂದ್ರಮತಿಗೂ ಕೇಳುತ್ತ ಸಂತೋಷವಾಯಿತು. ಮಾತು ಮುಗಿಸಿ ಅವರು ಬಿಸಿಲಿನಲ್ಲಿ ಸ್ಟೂಲಿನ ಮೇಲೆ ಇಟ್ಟಿದ್ದ ಮೈಕ್ರೋಸ್ಕೋಪಿನ ಕಡೆ ಕೈ ತೋರಿಸಿದರು. "ತೋರಸು, ಅದರಾಗ ತೋರಸು. ಟಾಕಿ ನೀರು, ಸೋಸಿದ ನೀರು, ಎರಡೂ ತೋರಸು. ತಿಳೀಲಿ ಇವರಿಗೆ."

"ಆತ್ರಿ," ಅಂದರು ಚಂದ್ರಮತಿ.

ತೃಪ್ತಿ ಟಾಕಿಯ ನೀರನ್ನು ಗಾಜಿನ ಗ್ಲಾಸಿಗೆ ಹಿಡಿದು ಬಿಸಿಲಿಗೆ ಎತ್ತಿದಳು. ನೀರಿನಲ್ಲಿ ರವೆಯ ಕಾಳಿಗಿಂತ ಸಣ್ಣ ಬಿಳಿ ಚುಕ್ಕೆಗಳು ಜಿಗಿದು ಜಿಗಿದು ಓಡಾಡುತ್ತಿದ್ದವು. ಒಂದನ್ನು ಹನಿ ಹಾಕುವ ಫಿಲ್ಲರಿನಿಂದ ಹಿಡಿದು ಗಾಜಿನ ಪಟ್ಟಿಯ ಮೇಲೆ ಬಿಟ್ಟಳು. ಚಂದ್ರಮತಿ ಕನ್ನಡಿ ತಿರುಗಿಸಿ ಬೆಳಕು ಹಿಡಿದರು. ಮಕ್ಕಳು ಒಬ್ಬೊಬ್ಬರಾಗಿ ಕಣ್ಣಿಟ್ಟರು. ಒಂದೇ ಕಣ್ಣು, ಉದ್ದ ಮೀಸೆ, ಬಾಲದ ಎರಡೂ ಬದಿಗೆ ತತ್ತಿಯ ಚೀಲ. ನೋಡಿದ ಮೇಲೆ ಆ ಹನಿಯನ್ನು ಟಾಕಿಯ ನೀರಿಗೇ ಮರಳಿ ಬಿಡಬೇಕು ಎಂದು ಚಂದ್ರಮತಿ ಮೊದಲೇ ಹೇಳಿದ್ದರು.

ಆಮೇಲೆ ತಾತ್ಯಾಸಾಹೇಬರ ಅಡುಗೆಮನೆಯಿಂದ ಹಿತ್ತಾಳೆ ಬಿಂದಿಗೆ ಬಂತು, ಅವರೇ ಕಟ್ಟಿದ ಬಟ್ಟೆಯಲ್ಲಿ ಸೋಸಿದ ನೀರು. ತೃಪ್ತಿ ಗ್ಲಾಸಿಗೆ ಸುರಿದು ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

"ಆಯಿ..."

ಮೂರು ಚುಕ್ಕೆಗಳು ಜಿಗಿಯುತ್ತಿದ್ದವು.

ಚಂದ್ರಮತಿ ಗ್ಲಾಸನ್ನು ತಾವೇ ತೆಗೆದುಕೊಂಡು ಬಿಸಿಲಿಗೆ ಹಿಡಿದರು. ಒಂದನ್ನು ಹಿಡಿದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅದೇ ಒಂದು ಕಣ್ಣು. ಈ ಪ್ರಯೋಗ ಭಾವನವರ ಮಾತಿಗೆ ಮೆರುಗು ಕೊಡುತ್ತದೆ ಎಂದುಕೊಂಡಿದ್ದರು. ಇನ್ನು ಏನು ಹೇಳಬೇಕು ಎನ್ನುವಷ್ಟರಲ್ಲಿ ತಾತ್ಯಾಸಾಹೇಬರೇ ಹತ್ತಿರ ಬಂದರು.

"ಏನೈತಿ ಅದರಾಗ?"

"ಇದರಾಗೂ ಅದಾವರಿ, ಭಾವಾರ."

"ಏನದಾವ? ಧೂಳದು."

ಕೋಮಲ ಗ್ಲಾಸಿಗೆ ಮೂಗು ತಾಗಿಸಿ ನೋಡುತ್ತಿದ್ದಳು. ಅವಳು ಆ ಮನೆಯವಳಲ್ಲ, ತಾತ್ಯಾಸಾಹೇಬರಿಗೆ ಹೆದರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಲೆ ಎತ್ತಿ ಕೇಳಿದಳು. "ಧೂಳ ಈಜತೈತೇನ್ರಿ, ಅಜ್ಜಾರ?"

ಗೋಡೆಯ ನೆರಳಿನಲ್ಲಿ ಯಾರೋ ಸೆರಗಿನೊಳಗೆ ನಕ್ಕರು. ತಾತ್ಯಾಸಾಹೇಬರ ಕಿವಿ ಕೆಂಪಾದವು. ಅವರು ದನಿ ತಗ್ಗಿಸಿ, ಚಂದ್ರಮತಿಗೆ ಮಾತ್ರ ಎಂಬಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ಮಷಿನ್ ಕೆಟ್ಟೈತಿ ಅನ್ನು. ಗುಜರಿ ಮಾಲ್ ಐತಿ ಅದು. ಹಿಂದಿನ ನೀರಿಂದು ಅಂಟಿ ಉಳದೈತಿ ಅನ್ನು. ಹೇಳು ಹುಡುಗೂರಿಗೆ."

ವಿಶ್ವಾಸ ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಯಿಗೆ ಕಣ್ಸನ್ನೆ ಮಾಡುತ್ತಿದ್ದ, ಹೂಂ ಅನ್ನು, ಮುಗಿಸು. ಹದಿನಾಲ್ಕು ಮಕ್ಕಳು ಚಂದ್ರಮತಿಯನ್ನು ನೋಡುತ್ತಿದ್ದರು. ತೃಪ್ತಿಯೂ ನೋಡುತ್ತಿದ್ದಳು. ಮೆಮೋಗೆ ಉತ್ತರ ಬರೆಯಲು ಬಿಳಿ ಕಾಗದ ಮುಂದಿಟ್ಟುಕೊಂಡು ಕುಳಿತದ್ದು ಚಂದ್ರಮತಿಗೆ ನೆನಪಾಯಿತು. ಅವತ್ತು ಕಾಗದ ಒಂದೇ ಇತ್ತು. ಇವತ್ತು ಇಷ್ಟು ಕಣ್ಣುಗಳಿದ್ದವು.

"ಅಂಟಿ ಉಳದಿರಬಹುದು ಅನ್ನೂದು ಖರೇ ಪ್ರಶ್ನೆ ಐತ್ರಿ," ಅಂದರು. "ನೋಡೇಬಿಡೂಣು. ತೃಪ್ತಿ, ಎಲ್ಲಾ ಬಿಸಿನೀರಾಗ ತೊಳಿ. ವೃಷಭ, ನಲ್ಲಿಗೆ ಕಟ್ಟಿದ ಆ ಅರಿವಿ ಬಿಚ್ಚಿ ತಾ."

ತೊಳೆದರು. ಬಿಂದಿಗೆಯ ನೀರನ್ನು ಬೇರೆ ಗ್ಲಾಸಿಗೆ ಹಾಕಿದರು. ಮತ್ತೆ ಚುಕ್ಕೆಗಳು, ಈ ಸಲ ಎರಡು. ವೃಷಭ ತಂದ ಬಟ್ಟೆಯನ್ನು ಚಂದ್ರಮತಿ ಬಿಡಿಸಿ ಬಿಸಿಲಿಗೆ ಹಿಡಿದರು. ತಿಂಗಳುಗಟ್ಟಲೆ ನಲ್ಲಿಯ ಬಾಯಲ್ಲಿದ್ದು ನೂಲು ಸವೆದು, ನಡುವೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ತೂರಿ ಬರುತ್ತಿತ್ತು. ಅವರು ಟ್ರಂಕಿನಿಂದ ಹೊಸ ಖಾದಿಯ ತುಂಡು ತರಿಸಿ, ಎರಡು ಮಡಿಕೆ ಮಾಡಿ, ಅದೇ ನೀರನ್ನು ಸೋಸಿ ಗ್ಲಾಸು ಎತ್ತಿದರು. ಎಲ್ಲರೂ ನೋಡಿದರು. ಏನೂ ಜಿಗಿಯಲಿಲ್ಲ.

"ಮಷಿನ್ ಸರಿ ಐತ್ರಿ, ಭಾವಾರ. ಹಿರ್ಯಾರು ಹೇಳಿದ್ದೂ ಸರಿ ಐತ್ರಿ. ಅರಿವಿ ಹರದೈತಿ."

"ಹುಡುಗೂರ ಮುಂದ ಮಾನ ಕಳದಿ," ಅಂದರು ತಾತ್ಯಾಸಾಹೇಬರು.

"ಹುಡುಗೂರ ಮುಂದ ಸುಳ್ಳ ಹೇಳ್ಲಿಲ್ರಿ, ಅಷ್ಟ."

ಅವರು ಒಳಗೆ ಹೋದರು. ಪಡಸಾಲೆಯ ಬಾಗಿಲು ಮುಚ್ಚಿದ ಸದ್ದು ಹಿತ್ತಲಿಗೆಲ್ಲ ಕೇಳಿಸಿತು. ತಾಯಂದಿರು ಗಡಿಬಿಡಿಯಿಂದ ಮಕ್ಕಳನ್ನು ಹೊರಡಿಸಿದರು. ಕೋಮಲ ಮಾತ್ರ ನೊಣದ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಎಂದು ಹಟ ಹಿಡಿದು ಇನ್ನೂ ಅರ್ಧ ಗಂಟೆ ಕುಳಿತಳು.

*

ಆ ಸಂಜೆಯೇ ಚಂದ್ರಮತಿಯ ಅಡುಗೆಮನೆಯ ನಲ್ಲಿಯಲ್ಲಿ ನೀರು ನಿಂತಿತು. ಮಾಳಿಗೆಯ ಮೇಲೆ ವಾಲ್ ತಿರುವಿದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

"ಹೋಗಿ ತಪ್ಪಾತು ಅಂತ ಒಂದ ಮಾತ ಅಂದ ಬಾ ಅವ್ವಾ," ಎಂದು ವಿಶ್ವಾಸ ಬೇಡಿಕೊಂಡ. "ಅವರು ಹಿರ್ಯಾರು."

"ಹಿರ್ಯಾರು ಅಂತ ಕೈ ಮುಗೀತೀನಿ. ದಿನಾ ಮುಗೀತೀನಿ. ಆದ್ರ ತಪ್ಪಾತು ಅಂದ್ರ, ಆ ಮೂರು ಹುಳ ಅಲ್ಲಿ ಇರಲಿಲ್ಲ ಅಂದಂಗ ಆಕ್ಕೈತಿ. ಅವು ಇದ್ದುವು. ನೀನೂ ನೋಡೀದಿ."

"ನಾ ನೋಡೇನಿ. ಅದಕ್ಕ ನೀರಿಲ್ದ ಇರೂದ?"

"ನೀರ ನಾ ತರ್ತೀನಿ."

ಮರುದಿನ ಬೆಳಿಗ್ಗೆ ಚಂದ್ರಮತಿ ಕೊಡ ಹೊತ್ತು ಬೀದಿಯ ನಲ್ಲಿಗೆ ಹೊರಟರು. ಅರವತ್ತೈದರ ಸೊಂಟಕ್ಕೆ ತುಂಬಿದ ಕೊಡ ಹಗುರವಲ್ಲ. ತೃಪ್ತಿ ಸಣ್ಣ ಬಿಂದಿಗೆ ಹಿಡಿದು ಹಿಂದೆ ಬಂದಳು. ಇಬ್ಬರೂ ಪಡಸಾಲೆಯ ಮುಂದಿನಿಂದಲೇ ಹೋದರು, ಮುಂದಿನಿಂದಲೇ ಬಂದರು. ಸುತ್ತು ಹಾಕಿ ಹಿಂದಿನ ಸಂದಿಯಿಂದ ಹೋಗಬಹುದಿತ್ತು, ಹೋಗಲಿಲ್ಲ. ಎರಡನೆಯ ದಿನ ಸರಿತಾಳೂ ಕೊಡ ಎತ್ತಿದಳು. ಆ ಸಂಜೆ ವಿಶ್ವಾಸ ಅಂಗಡಿಯಿಂದ ಬಂದವನು ಎರಡು ಕ್ಯಾನು ತೆಗೆದುಕೊಂಡು ಹೋಗಿ ತುಂಬಿ ತಂದ. ಗಲ್ಲಿಯವರು ಕೇಳಿದರೆ ಚಂದ್ರಮತಿ ಮುಚ್ಚಿಡಲಿಲ್ಲ. "ಭಾವಾರಿಗೆ ಸಿಟ್ಟ ಬಂದೈತಿ. ಇಳದ ಮ್ಯಾಲ ನೀರ ಬಿಡ್ತಾರ," ಎನ್ನುತ್ತಿದ್ದರು.

ವೃಷಭ ಗೋಡೆ ಹಾರಿ ಬಂದು ಆ ಕಡೆಯ ಸುದ್ದಿ ಹೇಳಿದ. "ಅಜ್ಜ ಅವತ್ತಿಂದ ನೀರ ಕುಡಿಯಾಕ ಅಂಜಾಕತ್ತಾನ. ಬಿಂದಿಗಿ ಬಿಸಲಿಗೆ ಒಯ್ದ ನೋಡ್ತಾನ, ತಿರುಗಿ ಸೋಸ್ತಾನ, ಕುದಸ್ತಾನ. ಇಷ್ಟ ದಿನ ಎಷ್ಟ ಕುಡದೀನೋ ಅಂತ ಒಬ್ಬನ ಕುಂತಿರ್ತಾನ. ಬಸದಿಗೂ ಹೋಗಿಲ್ಲ."

ಇದನ್ನು ಕೇಳಿ ಚಂದ್ರಮತಿಗೆ ಗೆದ್ದಂತೆ ಅನಿಸಲಿಲ್ಲ. ಜೀವನವಿಡೀ ಒಂದು ನೇಮ ನಡೆಸಿಕೊಂಡು ಬಂದ ಮನುಷ್ಯ, ಆ ನೇಮದ ನಡುವೆ ತೂತು ಕಂಡರೆ ಹೇಗಾಗುತ್ತದೆ ಎಂದು ಅವರಿಗೆ ಅರ್ಥವಾಗುತ್ತಿತ್ತು. ಅಂದು ಮಜ್ಜಿಗೆ ಮಾಡಿದಾಗ ಒಂದು ತಂಬಿಗೆ ವೃಷಭನ ಕೈಯಲ್ಲಿ ಕೊಟ್ಟು ಕಳಿಸಿದರು. "ಎರಡ ಮಡಿಕಿ ಅರಿವ್ಯಾಗ ಸೋಸಿದ ನೀರಿಂದ ಐತಿ ಅಂತ ಹೇಳು." ತಂಬಿಗೆ ಖಾಲಿಯಾಗಿ ಮರಳಿ ಬಂತು. ನಲ್ಲಿಗೆ ನೀರು ಬರಲಿಲ್ಲ. ಅವರು ಕೇಳಲೂ ಹೋಗಲಿಲ್ಲ.

ಐದನೆಯ ದಿನ, ಬಿಸಿಲು ಹಿತ್ತಲಿನ ಗೋಡೆ ಇಳಿದು ಪೇರಲ ಗಿಡದ ಬುಡಕ್ಕೆ ಬಂದಿದ್ದ ಹೊತ್ತಿಗೆ, ತಾತ್ಯಾಸಾಹೇಬರು ಬಂದರು. ಕಂಕುಳಲ್ಲಿ ಮೂರು ಬಟ್ಟೆಗಳ ಸುರುಳಿ. ರಾಯಬಾಗದ ಅಂಗಡಿಯಿಂದ ತರಿಸಿದ್ದು, ಮಡಿಕೆಯ ಗುರುತು ಇನ್ನೂ ಹೋಗಿರಲಿಲ್ಲ. ಚಂದ್ರಮತಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಇದು ಖಾದಿ. ಇದು ಮಲಮಲ್. ಇದು ಮಾಂಜರಪಾಟ," ಅಂದರು ಅವರು, ನೆಲ ನೋಡುತ್ತ. "ಯಾವದರಾಗ ಜೀವ ಪಾರ ಆಗೂದಿಲ್ಲ, ನೋಡಿ ಹೇಳು."

"ನಾ ಹೇಳೂದಿಲ್ರಿ. ನೀವ ನೋಡ್ರಿ, ನಾ ತೋರಸ್ತೀನಿ."

"ಆತು, ತೋರಸು."

"ಮೊದಲ ಮ್ಯಾಲ ಹೋಗಿ ವಾಲ್ ತಿರುವಿ ಬರ್ರಿ. ನಲ್ಲ್ಯಾಗ ನೀರಿಲ್ದ ಏನ ಸೋಸೂದು?"

ತಾತ್ಯಾಸಾಹೇಬರು ತಲೆ ಎತ್ತಿ ತಮ್ಮನ ಹೆಂಡತಿಯನ್ನು ನೋಡಿದರು. ಈ ಮನೆಗೆ ಬಂದ ನಲವತ್ತೈದು ವರ್ಷಗಳಲ್ಲಿ ಆಕೆ ಹೀಗೆ ಎದುರು ನಿಂತು ಕಣ್ಣಲ್ಲಿ ಕಣ್ಣಿಟ್ಟು ಅವರಿಗೊಂದು ಕೆಲಸ ಹೇಳಿರಲಿಲ್ಲ. ಚಂದ್ರಮತಿ ಕಣ್ಣು ತಗ್ಗಿಸಲಿಲ್ಲ. ತಾತ್ಯಾಸಾಹೇಬರು ಧೋತರದ ಚುಂಗು ಹಿಡಿದು ಮಾಳಿಗೆಯ ಮೆಟ್ಟಿಲ ಕಡೆ ತಿರುಗಿದರು. ಮೇಲೆ ಹೆಜ್ಜೆಯ ಸದ್ದಾಯಿತು. ಅಡುಗೆಮನೆಯಲ್ಲಿ ನಲ್ಲಿ ಕೆಮ್ಮಿದಂತೆ ಗಾಳಿ ಉಗುಳಿ, ಕೆಂಚಗೆ, ಆಮೇಲೆ ತಿಳಿಯಾಗಿ ಸುರಿಯತೊಡಗಿತು. "ಬಂತ್ರಿ ಅತ್ತಿ!" ಎಂದು ಸರಿತಾ ಒಳಗಿನಿಂದ ಕೂಗಿದಳು.

ಅವರು ಇಳಿದು ಬರುವಷ್ಟರಲ್ಲಿ ತೃಪ್ತಿ ಸ್ಟೂಲಿನ ಮೇಲೆ ಮೂರು ಗ್ಲಾಸು ಸಾಲಾಗಿ ಇಟ್ಟು, ಪ್ರತಿಯೊಂದರ ಕೆಳಗೂ ಬಟ್ಟೆಯ ಹೆಸರು ಬರೆದ ಚೀಟಿ ಇಟ್ಟಿದ್ದಳು. ಮೊದಲ ಗ್ಲಾಸಿನ ಬಾಯಿಗೆ ಖಾದಿಯನ್ನು ಹರಡಿ, ಅದರ ಎರಡು ತುದಿಗಳನ್ನು ದೊಡ್ಡಜ್ಜನ ಕೈಗೆ ಕೊಟ್ಟಳು.

"ಹಿಂಗ ಬಿಗಿ ಹಿಡೀರಿ ಅಜ್ಜಾ," ಅಂದಳು. "ನಾ ಸುರುವ್ತೀನಿ. ಅಲಗಾಡಸಬ್ಯಾಡ್ರಿ ಮತ್ತ."